ಸರ್ವರ್ ನಿಲ್ಲಿಸದ ಮೆಲ್ಲಗಪ್ಪ

ಮೆಲ್ಲಗಪ್ಪ ಹುಟ್ಟುವುದಕ್ಕೇ ಹದಿನೈದು ದಿನ ತಡ ಮಾಡಿದವನು. ಹೊರಗೆ ಏನಿದೆಯೋ ಏನೋ ಎಂಬ ಅಂಜಿಕೆಯಲ್ಲಿ ಒಳಗೇ ಕೂತುಬಿಟ್ಟಿದ್ದ ಎಂದು ಅವನ ಅಕ್ಕ ಇವತ್ತಿಗೂ ಹೇಳುತ್ತಾಳೆ. ನಡೆಯಲು ಕಲಿತದ್ದು ಮೂರನೆಯ ವರ್ಷಕ್ಕೆ. ಅಲ್ಲಿಯ ತನಕ ನೆಲದ ಮೇಲೆ ಅವನಿಗೆ ನಂಬಿಕೆ ಬಂದಿರಲಿಲ್ಲ. ದೊಡ್ಡವನಾದ ಮೇಲೂ ಅದೇ ಕಥೆ. ಚಹಾ ಬಿಸಿಯಾಗಿದ್ದರೆ ನಾಲಿಗೆ ಸುಟ್ಟೀತೆಂದು ಆರಲು ಬಿಡುತ್ತಿದ್ದ, ಆರಿದ್ದನ್ನು ಕುಡಿದರೆ ಹೊಟ್ಟೆ ಕೆಟ್ಟೀತೆಂದು ಮತ್ತೆ ಬಿಸಿ ಮಾಡಿಸುತ್ತಿದ್ದ. ಹೀಗೆ ಒಂದೇ ಲೋಟ ಚಹಾ ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆ ಹತ್ತಿ ಇಳಿದು ಕೊನೆಗೆ ಯಾರಿಗೂ ಸಿಗದೆ ಆವಿಯಾಗಿ ಹೋಗುತ್ತಿತ್ತು. ರಸ್ತೆ ದಾಟುವಾಗ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಆಮೇಲೆ ಮೇಲಕ್ಕೂ ಒಮ್ಮೆ ನೋಡುತ್ತಿದ್ದ. ವಿಮಾನ ಬೀಳುವುದು ಅಪರೂಪವಂತೆ. ಸರಿ, ಆದರೆ ಬೀಳುವ ವಿಮಾನಕ್ಕೆ ಅದು ಗೊತ್ತಿರಬೇಕಲ್ಲ!

ಯಾರಾದರೂ ಎದುರಿಗೆ ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೆ ಸಾಕು, "ಮೆಲ್ಲಗಪ್ಪಾ, ಮೆಲ್ಲಗೆ" ಎನ್ನುವುದು ಅವನ ಬಾಯಿಗೆ ಅಂಟಿಕೊಂಡಿತ್ತು. ಅದೇ ಅವನಿಗೂ ಅಂಟಿಕೊಂಡಿತು. ಅವನು ಕೆಲಸ ಮಾಡುತ್ತಿದ್ದ ದೊಡ್ಡಾಸ್ಪತ್ರೆಯಲ್ಲಿ ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವನು ಮೆಲ್ಲಗಪ್ಪನೇ.

ಇಂಥವನ ಕೈಗೆ ಆ ಆಸ್ಪತ್ರೆಯ ಹದಿನಾರು ವಾರ್ಡುಗಳ ಜೀವ ಸಿಕ್ಕಿದ್ದು ಹೇಗೆಂದರೆ, ಅವನು ಓಡಿಹೋಗುವಷ್ಟು ಧೈರ್ಯವಿಲ್ಲದೆ ನಿಂತಲ್ಲೇ ನಿಂತಿದ್ದರಿಂದ. ಅವನು ಮೊದಲು ದಾಖಲೆ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದ. ಆಸ್ಪತ್ರೆಗೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದುಕೊಟ್ಟಿದ್ದ ಕಂಪನಿ ಒಂದು ದಿನ ಬಾಗಿಲು ಮುಚ್ಚಿಕೊಂಡು ಹೋಯಿತು. ಬಿಟ್ಟು ಹೋದದ್ದು ಒಂದು ಸರ್ವರ್ ಮತ್ತು "ಶುಭವಾಗಲಿ" ಎಂದು ಬರೆದ ಒಂದು ಚೀಟಿ. ಇನ್ನು ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ಸಭೆಯಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಹೆದರಿ ಕಲ್ಲಾಗಿದ್ದ ಮೆಲ್ಲಗಪ್ಪ ಒಬ್ಬನೇ ಮುಂದೆ ಉಳಿದ.

"ನಿಮಗೆ ಟೈಪಿಂಗ್ ಬರುತ್ತಲ್ಲ?" ಎಂದರು ದೊಡ್ಡ ಡಾಕ್ಟರು.

"ಬರುತ್ತೆ ಸಾರ್, ಆದ್ರೆ..."

"ಇದೂ ಟೈಪಿಂಗೇ. ಸ್ವಲ್ಪ ಬೇರೆ ಥರ."

ಆ ಸ್ವಲ್ಪ ಬೇರೆ ಥರವನ್ನು ಕಲಿಯಲು ಅವನಿಗೆ ಎರಡು ವರ್ಷ ಹಿಡಿಯಿತು. ಒಂದು ಪುಸ್ತಕ ತಂದಿದ್ದ, ಅದು ಎಷ್ಟು ದಪ್ಪ ಎಂದರೆ ಅವನ ಹೆಂಡತಿ ಅದರ ಮೇಲೆ ಹತ್ತಿ ಅಟ್ಟದ ಡಬ್ಬ ಇಳಿಸುತ್ತಿದ್ದಳು. ಆದರೆ ಒಂದು ಮಾತು ಒಪ್ಪಬೇಕು. ಆ ಕೆಲಸಕ್ಕೆ ಪುಕ್ಕಲನೇ ಸರಿ. ಧೈರ್ಯವಂತರು ಒಂದು ಸಾಲು ಬರೆದು ಮನೆಗೆ ಹೋಗುತ್ತಾರೆ. ಇವನು ಒಂದು ಸಾಲು ಬರೆದು ಹತ್ತು ಸಲ ಓದಿ, ಮನೆಗೆ ಹೋಗಿ, ಅರ್ಧ ಊಟ ಬಿಟ್ಟೆದ್ದು ಹನ್ನೊಂದನೆಯ ಸಲ ಓದುತ್ತಿದ್ದ.

ಸರ್ವರ್ ಇದ್ದದ್ದು ನೆಲಮಾಳಿಗೆಯಲ್ಲಿ, ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯಲ್ಲಿ. ಕಿಟಕಿ ಇಲ್ಲ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ಟು. ಒಂದು ಮೇಜು, ಒಂದು ಕುರ್ಚಿ, ಒಂದು ಫೋನು. ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಕಪ್ಪು ಪೆಟ್ಟಿಗೆ ಹಗಲಿರುಳು ಗುಂಯ್ ಎನ್ನುತ್ತಿತ್ತು. ಮೇಲಿನ ಹದಿನಾರು ವಾರ್ಡುಗಳಲ್ಲಿ ನರ್ಸುಗಳು ರೋಗಿಯ ತೂಕವನ್ನೂ ಮದ್ದಿನ ಹೆಸರನ್ನೂ ಒತ್ತಿದರೆ, ಬಾಟಲಿಯಿಂದ ಎಷ್ಟು ಎಂ.ಎಲ್. ಎಳೆಯಬೇಕೆಂದು ಈ ಪೆಟ್ಟಿಗೆ ಲೆಕ್ಕ ಹಾಕಿ ಸ್ಕ್ರೀನಿನ ಮೇಲೆ ತೋರಿಸುತ್ತಿತ್ತು. ಸಿರಿಂಜಿಗೆ ಅಷ್ಟೇ ಬರುತ್ತಿತ್ತು, ಮೈಗೆ ಅಷ್ಟೇ ಹೋಗುತ್ತಿತ್ತು. ಮೆಲ್ಲಗಪ್ಪ ಒಂದು ಚುಕ್ಕೆಯನ್ನು ಆಚೀಚೆ ಇಟ್ಟರೆ ಎಲ್ಲೋ ಒಂದು ಹಾಸಿಗೆ ಖಾಲಿಯಾಗುತ್ತಿತ್ತು. ಅವನ ಎದೆಯ ಮೇಲೆ ಸದಾ ಕೂತಿರುತ್ತಿದ್ದ ಕಲ್ಲು ಅದೇ.

ಆ ಪೆಟ್ಟಿಗೆಯನ್ನು ಒಂದೇ ಒಂದು ಸಲ ನಿಲ್ಲಿಸಿದ್ದರು. ನಾಲ್ಕು ವರ್ಷದ ಹಿಂದೆ, ಐದು ನಿಮಿಷಕ್ಕೆಂದು. ಅದು ಮತ್ತೆ ಏಳಲು ಆರು ಗಂಟೆ ತೆಗೆದುಕೊಂಡಿತು. ಆರು ಗಂಟೆ ಹದಿನಾರು ವಾರ್ಡುಗಳು ಹಳೆಯ ಕಾಗದ ಹುಡುಕಿ, ಪೆನ್ನು ಹುಡುಕಿ, ಗುಣಾಕಾರ ಬಲ್ಲವರನ್ನು ಹುಡುಕಿ ಒದ್ದಾಡಿದವು. ಅವತ್ತು ಬೆಳಿಗ್ಗೆ ಮೆಲ್ಲಗಪ್ಪನ ಮೀಸೆ ಕಪ್ಪಗಿತ್ತು. ಸಂಜೆ ಮನೆಗೆ ಹೋದಾಗ ಹೆಂಡತಿ, "ಯಾರು ಬೇಕಾಗಿತ್ತು ತಾತ?" ಎಂದು ಕೇಳಿದಳಂತೆ. ದೊಡ್ಡ ಡಾಕ್ಟರು ಮರುದಿನವೇ ಒಂದು ಕಾಗದ ಅಂಟಿಸಿದರು: ತಮ್ಮ ಸಹಿ ಇಲ್ಲದೆ ಸರ್ವರ್ ನಿಲ್ಲಿಸಿದವರು ಅಂದೇ ಕೆಲಸ ಬಿಟ್ಟಂತೆ.

ಆದರೆ ಮದ್ದುಗಳು ಬದಲಾಗುತ್ತವೆ, ಲೆಕ್ಕ ಬದಲಾಗುತ್ತದೆ, ಪ್ರೋಗ್ರಾಮೂ ಬದಲಾಗಲೇಬೇಕು. ನಿಲ್ಲಿಸದೆ ಬದಲಿಸುವುದು ಹೇಗೆ? ಮೆಲ್ಲಗಪ್ಪ ಅದನ್ನು ಪುಸ್ತಕದ ಎಂಟುನೂರನೆಯ ಪುಟದಲ್ಲಿ ಕಂಡುಕೊಂಡ. ಹೊಸದಾಗಿ ಬರೆದ ಕೋಡನ್ನು ಒಂದು ಗೊತ್ತಾದ ಫೋಲ್ಡರಿಗೆ ಹಾಕಿದರೆ, ಸರ್ವರ್ ಓಡುತ್ತಿರುವಾಗಲೇ ಅದನ್ನು ಎತ್ತಿಕೊಂಡು ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ಗುಂಯ್ ಎನ್ನುವುದು ಒಂದು ಕ್ಷಣವೂ ನಿಲ್ಲುವುದಿಲ್ಲ. ಮಲಗಿರುವ ಅತ್ತೆಯ ತಲೆಯ ಕೆಳಗಿನಿಂದ ಅವರು ಏಳದ ಹಾಗೆ ದಿಂಬು ಬದಲಿಸಿದ ಹಾಗೆ. ಈ ನಾಲ್ಕು ವರ್ಷದಲ್ಲಿ ಅವನು ನೂರಾ ಎಂಟು ದಿಂಬು ಬದಲಿಸಿದ್ದ, ಅತ್ತೆ ಒಮ್ಮೆಯೂ ಎದ್ದಿರಲಿಲ್ಲ.

ಎದ್ದದ್ದು ಎಳೆಗೂಸುಗಳ ವಾರ್ಡಿನ ದೊಡ್ಡ ಸಿಸ್ಟರ್. ನಾಲ್ಕನೆಯ ಮಹಡಿಯಿಂದ ನೆಲಮಾಳಿಗೆಯ ತನಕ ಇಳಿದು ಬಂದು, ಬಾಗಿಲಿಗೆ ಅಡ್ಡ ನಿಂತರು. ಎರಡು ಬಾಗಿಲು ಇದ್ದರೂ ಅಡ್ಡ ನಿಲ್ಲುವಷ್ಟು ದೊಡ್ಡ ಹೆಂಗಸು.

"ಏನ್ರೀ ಮೆಲ್ಲಗಪ್ಪ, ನೀವು ಇಲ್ಲಿ ಕೂತ್ಕೊಂಡು ಅದೇನು ಬದಲಾಯಿಸ್ತೀರೋ, ಬದಲಾಯಿಸಿದಾಗೆಲ್ಲ ನಮ್ಮನ್ನ ಹೊರಗೆ ಹಾಕುತ್ತಲ್ರೀ ಅದು! ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಾಟ್ಲಿ. ಪಾಸ್‌ವರ್ಡ್ ಏನು ಮೂಗಲ್ಲಿ ಒತ್ಲಾ?"

"ಇಲ್ಲ ಸಿಸ್ಟರ್, ಅದು ಹಾಗೇ ಆಗೋದು..."

"ಹಾಗೇ ಆಗಬಾರದು. ಒಂದ್ಸಲ ಒಳಗೆ ಹೋದ್ರೆ ನಾವೇ ಹೊರಗೆ ಬರೋ ತನಕ ಅದು ನಮ್ಮನ್ನ ಮುಟ್ಟಬಾರದು. ಗೊತ್ತಾಯ್ತಾ?"

ಮೆಲ್ಲಗಪ್ಪನಿಗೆ ಸರ್ವರಿಗಿಂತ ದೊಡ್ಡ ಸಿಸ್ಟರ್ ಅಂದರೆ ಹೆದರಿಕೆ ಹೆಚ್ಚು. ಅದೇ ವಾರ ಸರಿಮಾಡಿಕೊಟ್ಟ. ಒಳಗಿದ್ದವರು ಒಳಗೇ ಇರುತ್ತಾರೆ, ಅವರಾಗಿ ಲಾಗೌಟ್ ಒತ್ತುವ ತನಕ. ಹದಿನಾರು ವಾರ್ಡುಗಳು ಅವನನ್ನು ಹೊಗಳಿದವು. ಹೊಗಳಿಕೆಗೂ ಹೆದರುವವನು ಅವನು, ಅವತ್ತು ಮಾತ್ರ ಹೆದರಲಿಲ್ಲ. ಹೆದರಬೇಕಾಗಿತ್ತು.

ಅದರಲ್ಲಿ ಒಂದು ಸೂಕ್ಷ್ಮವಿತ್ತು. ಹೊಸ ಗುಮಾಸ್ತ ಬಂದು ಕುರ್ಚಿಯಲ್ಲಿ ಕೂತರೂ, ಹಳೆಯ ಗುಮಾಸ್ತನ ತೋಳು ಹಿಡಿದುಕೊಂಡು ನಿಂತವರು ಕೈ ಬಿಡುವ ತನಕ ಅವನನ್ನು ಮನೆಗೆ ಕಳಿಸಲು ಆಗುವುದಿಲ್ಲ. ಅವರು ಅವನ ಹತ್ತಿರವೇ ಲೆಕ್ಕ ಕೇಳುತ್ತಿರುತ್ತಾರೆ, ಅವನೂ ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತಾನೆ. ಲಾಗೌಟ್ ಆಗದ ಸ್ಕ್ರೀನುಗಳ ಗತಿಯೂ ಅದೇ. ಅವು ಹಳೆಯ ಕೋಡನ್ನೇ ಹಿಡಿದುಕೊಂಡಿರುತ್ತಿದ್ದವು. ಮೆಲ್ಲಗಪ್ಪನಿಗೆ ಇದು ಗೊತ್ತಿತ್ತು. ಆದರೆ ದೊಡ್ಡ ಸಿಸ್ಟರ್ ಬಂದು ಹೋದ ಮೇಲೆ ಅವನು ಬದಲಿಸಿದ್ದೆಲ್ಲ ಗುಂಡಿಯ ಬಣ್ಣ, ಕಾಗುಣಿತದ ತಪ್ಪು, ವಾರ್ಡಿನ ಹೆಸರು. ಯಾರಾದರೂ ಎರಡು ದಿನ ಹಳೆಯ ಬಣ್ಣ ನೋಡಿದರೆ ಭೂಮಿ ಏನೂ ಬಾಯಿ ಬಿಡುವುದಿಲ್ಲ.

ನೂರಾ ಒಂಬತ್ತನೆಯ ಬದಲಾವಣೆ ಬಣ್ಣದ್ದಾಗಿರಲಿಲ್ಲ.

ಅವತ್ತು ಬೆಳಿಗ್ಗೆ ಫಾರ್ಮಸಿಯ ಮುಖ್ಯಸ್ಥ ಎರಡು ಬಾಟಲಿ ಹಿಡಿದು ಕೆಳಗೆ ಬಂದ. ಒಂದೇ ಬಣ್ಣ, ಒಂದೇ ಗಾತ್ರ. ಎದೆಬಡಿತ ಸರಿಮಾಡುವ ಮದ್ದು ಅದು. ದೊಡ್ಡವರಿಗೂ ಕೊಡುತ್ತಿದ್ದರು, ಹುಟ್ಟಿ ವಾರವಾಗದ ಕೂಸುಗಳಿಗೂ ಕೊಡುತ್ತಿದ್ದರು.

"ಹಳೇದು ಇನ್ನು ಬರಲ್ಲಪ್ಪ. ಇದು ಹೊಸದು. ಐದು ಪಟ್ಟು ಗಟ್ಟಿ," ಎಂದ ಅವನು. "ಎರಡು ಗಂಟೆಗೆ ಹಳೇದನ್ನೆಲ್ಲ ವಾಪಸ್ ತಗೊಂಡು ವಾರ್ಡಿಗೆಲ್ಲ ಹೊಸದು ಕಳಿಸ್ತೀನಿ. ಅದೇ ಹೊತ್ತಿಗೆ ನಿಮ್ಮ ಲೆಕ್ಕನೂ ಬದಲಾಗಬೇಕು. ಐದು ಗಂಟೆಗೆ ಡೋಸ್ ಇದೆ."

"ಎರಡೂ ಒಟ್ಟಿಗೇ ಇರಲಿ ಒಂದು ವಾರ. ಮೆಲ್ಲಗೆ ಮಾಡೋಣ."

"ಒಟ್ಟಿಗೇ ಇದ್ರೆ ಯಾವುದು ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ ಮಾರಾಯ್ರೆ? ಒಂದೇ ಥರ ಇದೆ ನೋಡಿ!"

ಅವನು ಹೇಳಿದ್ದೂ ಸರಿಯೇ. ಮೆಲ್ಲಗಪ್ಪ ಬದಲಿಸಬೇಕಾದದ್ದು ಒಂದೇ ಸಾಲು, ಒಂದೇ ಅಂಕಿ. ಅದನ್ನು ನಲವತ್ತು ಸಲ ಓದಿದ. ಎರಡು ಕಿಲೋ ತೂಕದ ಕೂಸಿಗೆ ಹಳೆಯ ಬಾಟಲಿಯಿಂದ ಒಂದು ಎಂ.ಎಲ್. ಎಳೆಯಬೇಕಿದ್ದರೆ, ಹೊಸದರಿಂದ ಪಾಯಿಂಟ್ ಎರಡು ಎಂ.ಎಲ್. ಸಾಕು. ಎರಡು ಗಂಟೆಗೆ ಸರಿಯಾಗಿ ಕೋಡನ್ನು ಫೋಲ್ಡರಿಗೆ ಹಾಕಿದ. ಹತ್ತು ಸೆಕೆಂಡಿನಲ್ಲಿ ಸರ್ವರ್ ಎತ್ತಿಕೊಂಡಿತು. ತನ್ನ ಸ್ಕ್ರೀನಿನಲ್ಲಿ ಎರಡು ಕಿಲೋ ಎಂದು ಒತ್ತಿ ನೋಡಿದ: ಪಾಯಿಂಟ್ ಎರಡು. ಹದಿನೇಳು ಬೇರೆ ಬೇರೆ ತೂಕ ಒತ್ತಿ ನೋಡಿದ. ಎಲ್ಲ ಸರಿ.

ಮೂರೂಮುಕ್ಕಾಲಿಗೆ, ಚಹಾ ಎರಡನೆಯ ಸಲ ಆರುತ್ತಿದ್ದಾಗ, ಅವನಿಗೆ ಥಟ್ಟನೆ ಹೊಳೆಯಿತು. ಹಳೆಯ ಗುಮಾಸ್ತ ಮನೆಗೆ ಹೋದನೇ?

ನೋಡಿದ. ಹೋಗಿರಲಿಲ್ಲ. ಏಳು ಸ್ಕ್ರೀನುಗಳು ಅವನ ತೋಳು ಹಿಡಿದುಕೊಂಡಿದ್ದವು. ಏಳು ಸ್ಕ್ರೀನುಗಳು ಎರಡು ಗಂಟೆಗಿಂತ ಮೊದಲೇ ಒಳಗೆ ಹೋಗಿ, ಇನ್ನೂ ಹೊರಗೆ ಬಂದಿರಲಿಲ್ಲ. ಆ ಏಳರಲ್ಲಿ ಯಾವುದರಲ್ಲಿ ತೂಕ ಒತ್ತಿದರೂ ಹಳೆಯ ಬಾಟಲಿಯ ಲೆಕ್ಕವೇ ಬರುತ್ತಿತ್ತು, ಕೈಯಲ್ಲಿ ಮಾತ್ರ ಹೊಸ ಬಾಟಲಿ. ಐದು ಪಟ್ಟು ಮದ್ದು. ದೊಡ್ಡವರಾದರೆ ಏನಾಗುತ್ತಿತ್ತೋ. ಎರಡು ಕಿಲೋ ಕೂಸಿನ ಎದೆ ಮಾತ್ರ ನಿಂತೇ ಹೋಗುತ್ತಿತ್ತು.

ಅವರನ್ನು ಇಲ್ಲಿಂದಲೇ ಹೊರಗೆ ಹಾಕುವ ದಾರಿ? ಇರಲಿಲ್ಲ. ಇದ್ದ ದಾರಿಯನ್ನು ದೊಡ್ಡ ಸಿಸ್ಟರ್‌ಗೆ ಹೆದರಿ ಅವನೇ ಕಿತ್ತು ಹಾಕಿದ್ದ. ಈಗ ಉಳಿದದ್ದು ಎರಡೇ. ಆ ಏಳೂ ಸ್ಕ್ರೀನಿನ ಮುಂದೆ ಹೋಗಿ ಲಾಗೌಟ್ ಒತ್ತಬೇಕು, ಇಲ್ಲವೆ ಸರ್ವರನ್ನೇ ನಿಲ್ಲಿಸಬೇಕು.

ಮೊದಲು ಟೆಲಿಫೋನಿನಾಕೆಗೆ ಹೇಳಿ ಮೈಕಿನಲ್ಲಿ ಕೂಗಿಸಿದ: ಎಲ್ಲ ಸ್ಕ್ರೀನುಗಳನ್ನು ಲಾಗೌಟ್ ಮಾಡಿ, ಎದೆಬಡಿತದ ಮದ್ದು ಯಾರಿಗೂ ಕೊಡಬೇಡಿ. ಎಳೆಗೂಸುಗಳ ವಾರ್ಡಿನಲ್ಲಿ ಮೈಕಿನ ತಂತಿ ಕತ್ತರಿಸಿದ್ದರು, ಕೂಸುಗಳು ಬೆಚ್ಚಿಬೀಳುತ್ತವೆಂದು. ಅಲ್ಲಿಗೆ ಫೋನ್ ಮಾಡಿದ.

"ಸಿಸ್ಟರ್, ನಿಮ್ಮ ಸ್ಕ್ರೀನೆಲ್ಲ ಲಾಗೌಟ್ ಮಾಡಿ ಮತ್ತೆ ಹಾಕಿ, ಇಲ್ದಿದ್ರೆ ಹಳೇ ಲೆಕ್ಕನೇ ಬರುತ್ತೆ..."

"ಎರಡೂ ಈಗ್ಲೇ ಲಾಗೌಟ್ ಮಾಡಿ ಮತ್ತೆ ಹಾಕಿದೆ. ಹೊಸ ಲೆಕ್ಕ ಬರ್ತಿದೆ," ಎಂದರು ದೊಡ್ಡ ಸಿಸ್ಟರ್. "ಯಾಕ್ರೀ ಧ್ವನಿ ಹಾಗೆ ನಡುಗ್ತಿದೆ? ನೀರು ಕುಡೀರಿ."

ಒಳಗಿರುವವರನ್ನು ತೋರಿಸುವ ಪಟ್ಟಿಯಲ್ಲಿ ಏಳು ಹೋಗಿ ಐದಾಯಿತು. ಮೈಕು ಕೇಳಿದ ಇನ್ನೊಬ್ಬರು ಒತ್ತಿದರು, ನಾಲ್ಕಾಯಿತು. ಅಲ್ಲಿಗೆ ನಿಂತಿತು. ಪಟ್ಟಿಯಲ್ಲಿ ವಾರ್ಡಿನ ಹೆಸರಿಲ್ಲ, ಮಿಷನ್ನಿನ ನಂಬರು ಮಾತ್ರ. ಮೆಲ್ಲಗಪ್ಪ ಆ ನಾಲ್ಕು ನಂಬರು ಅಂಗೈಯಲ್ಲಿ ಬರೆದುಕೊಂಡು ಓಡಿದ.

ಅವನು ಓಡಿದ್ದನ್ನು ಆ ಆಸ್ಪತ್ರೆ ಅದುವರೆಗೆ ಕಂಡಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಸ್ಟ್ರೆಚರುಗಳು ತಾವಾಗಿಯೇ ಪಕ್ಕಕ್ಕೆ ಸರಿದವು, ಊರುಗೋಲಿನವರು ಊರುಗೋಲು ಬಿಟ್ಟು ದಾರಿ ಕೊಟ್ಟರು. ಗಂಡಸರ ವಾರ್ಡಿನ ಆಯಾ ಎದೆ ಹಿಡಿದುಕೊಂಡು ಕೇಳಿದಳು, "ಅಯ್ಯೋ, ಯಾರು ಹೋದ್ರಣ್ಣ?"

"ಇನ್ನೂ ಯಾರೂ ಇಲ್ಲ!" ಎಂದು ಅರಚಿಕೊಂಡು ಅವನು ಲಾಗೌಟ್ ಒತ್ತಿ ಮತ್ತೆ ಓಡಿದ.

ಮೂರು ಸಿಕ್ಕವು. ಮೂರರ ಕೀಬೋರ್ಡಿನ ಮೇಲೂ "ಮುಟ್ಟಬೇಡಿ, ತೆರೆದೇ ಇರಲಿ" ಎಂಬ ಚೀಟಿ ಅಂಟಿತ್ತು. ನಾಲ್ಕನೆಯದು ಮೂವತ್ತೊಂದನೆಯ ನಂಬರು, ಚಕ್ರದ ಗಾಡಿಯ ಮೇಲಿರುವಂಥದು. ಅದರ ಊರು ಚರ್ಮದ ವಾರ್ಡು. ಹೋಗಿ ನೋಡಿದರೆ ವಾರ್ಡೇ ಖಾಲಿ, ಇಬ್ಬರು ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ.

"ಇಲ್ಲಿ ಒಂದು ಕಂಪ್ಯೂಟರ್ ಗಾಡಿ ಇತ್ತಲ್ಲ?"

"ಆ ಕಿರಗುಟ್ಟೋ ಗಾಡಿನಾ? ಬೆಳಿಗ್ಗೆ ಮೂಳೆ ವಾರ್ಡಿನೋರು ತಳ್ಕೊಂಡು ಹೋದ್ರು ಸಾರ್," ಎಂದ ಏಣಿಯ ಮೇಲಿದ್ದವನು.

ಮೂಳೆ ವಾರ್ಡಿನಲ್ಲಿ ಕೇಳಿದರೆ, "ಅಯ್ಯೋ, ಆ ಸದ್ದು ಯಾರು ಕೇಳ್ತಾರೆ! ಮಧ್ಯಾಹ್ನನೇ ಲಿಫ್ಟ್ ಹತ್ರ ಬಿಟ್ಟು ಬಂದ್ವಿ," ಎಂದರು. ಲಿಫ್ಟಿನ ಹತ್ತಿರ ಗಾಡಿ ಇರಲಿಲ್ಲ. ಲಿಫ್ಟಿನವನು ಊಟದ ಡಬ್ಬಿ ತೊಳೆಯುತ್ತಾ, "ಯಾರೋ ಸಿಸ್ಟರ್ ತಗೊಂಡು ಹೋದ್ರಪ್ಪ. ಮೇಲಕ್ಕೋ ಕೆಳಕ್ಕೋ ನೋಡ್ಲಿಲ್ಲ," ಎಂದ. ಇಡೀ ದಿನ ಮೇಲಕ್ಕೋ ಕೆಳಕ್ಕೋ ಎಂಬುದೊಂದನ್ನೇ ನೋಡುವ ಕೆಲಸದವನು!

ನಾಲ್ಕು ಮೂವತ್ತೆಂಟು. ಮೆಲ್ಲಗಪ್ಪ ಆಪರೇಷನ್ ಕೋಣೆಯ ಮುಂದೆ ಬಂದು ನಿಂತ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ದೊಡ್ಡ ಡಾಕ್ಟರು ಒಳಗೆ ಯಾರದೋ ಹೊಟ್ಟೆಯಲ್ಲಿ ಕೈ ಇಟ್ಟುಕೊಂಡಿದ್ದರು. ಆ ಕೈಯಿಂದ ಸಹಿ ಕೇಳುವ ಹಾಗಿರಲಿಲ್ಲ. ಸರ್ವರ್ ನಿಲ್ಲಿಸಲು ಸಹಿ ಕೇಳಿ ಅವನು ಬರೆದು ತಂದಿದ್ದ ಕಾಗದ ಬೆವರಿಗೆ ಒದ್ದೆಯಾಗಿ ಮೆತ್ತಗಾಗಿತ್ತು.

ಹೆದರಿಕೆಯಾದಾಗಲೆಲ್ಲ ಹೆಂಡತಿಗೆ ಫೋನ್ ಮಾಡುವುದು ಅವನ ರೂಢಿ. ಸಾಮಾನ್ಯವಾಗಿ ದಿನಕ್ಕೆ ಹನ್ನೊಂದು ಸಲ. ಅವಳು ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಲೇ ಮೊಬೈಲಿನಲ್ಲಿ ಎಲ್ಲವನ್ನೂ ಒದರಿದ.

"ಗಾಡಿ ಸಿಗಲಿಲ್ಲ ಕಣೇ. ಯಾವ ವಾರ್ಡಲ್ಲಿದೆಯೋ."

"ಹಾಗಾದ್ರೆ ನಿಲ್ಲಿಸ್ರೀ ಅದನ್ನ."

"ಸಹಿ ಇಲ್ಲದೆ ನಿಲ್ಲಿಸಿದ್ರೆ ಕೆಲಸ ಹೋಗುತ್ತೆ. ಅದು ಮತ್ತೆ ಏಳದೇ ಇದ್ರೆ? ಆರು ಗಂಟೆ ಹದಿನಾರು ವಾರ್ಡು ಕತ್ತಲೆ. ಅಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ? ನಿಲ್ಲಿಸಿದ್ರೂ ಸಾಯ್ತಾರೆ, ನಿಲ್ಲಿಸದಿದ್ರೂ ಸಾಯ್ತಾರೆ!"

ಆ ಕಡೆ ಹೊಲಿಗೆ ಮಿಷನ್ನು ನಿಂತಿತು. ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ ಸದ್ದು ಕೇಳಿಸಿತು.

"ನೋಡಿ," ಎಂದಳು ಅವಳು, ಸೂಜಿಯಿಲ್ಲದ ಬಾಯಿಂದ. "ವಾರ್ಡು ಕತ್ತಲೆ ಆದ್ರೆ ಅಲ್ಲಿರೋರಿಗೆಲ್ಲ ಕತ್ತಲೆ ಆಗಿದೆ ಅಂತ ಗೊತ್ತಾಗುತ್ತೆ. ಎಚ್ಚರದಿಂದ ಇರ್ತಾರೆ. ಈಗ ಆ ಗಾಡಿ ಮುಂದೆ ನಿಂತಿರೋಳಿಗೆ ಏನು ಗೊತ್ತಿದೆ?"

ಅಷ್ಟರಲ್ಲಿ ಅವನು ಕೋಣೆಗೆ ಬಂದು ಪಟ್ಟಿ ನೋಡಿದ್ದ. ಮೂವತ್ತೊಂದನೆಯ ನಂಬರಿನ ಎದುರು ಅದುವರೆಗೆ ಖಾಲಿಯಿದ್ದ ಜಾಗದಲ್ಲಿ ಒಂದು ಸಾಲು ಮೂಡಿತ್ತು. ಯಾರೋ ಆಗತಾನೆ ಒತ್ತಿದ್ದರು. ಮದ್ದು: ಎದೆಬಡಿತದ್ದು. ತೂಕ: ಎರಡು ಕಿಲೋ.

ಎರಡು ಕಿಲೋ ತೂಕದ ಮನುಷ್ಯರು ಆ ಆಸ್ಪತ್ರೆಯಲ್ಲಿ ಒಂದೇ ವಾರ್ಡಿನಲ್ಲಿ ಇರುತ್ತಾರೆ.

ಮೇಜಿನ ಫೋನಿನಿಂದ ನಾಲ್ಕನೆಯ ಮಹಡಿಗೆ ಮಾಡಿದ. ಎಂಗೇಜ್. ಮತ್ತೆ ಮಾಡಿದ. ಎಂಗೇಜ್. ಓಡಿದರೆ ಐದು ನಿಮಿಷ. ಸಿರಿಂಜಿಗೆ ಮದ್ದು ಎಳೆದು ಮಗುವಿಗೆ ಕೊಡಲು ಎರಡು ನಿಮಿಷ ಸಾಕು. ಸರ್ವರನ್ನು ಕ್ರಮವಾಗಿ ನಿಲ್ಲಿಸುವ ಆಜ್ಞೆಯೊಂದಿತ್ತು. ಅದು ಬಹಳ ಮರ್ಯಾದಸ್ಥ. ಒಳಗಿರುವವರೆಲ್ಲ ತಮ್ಮ ಕೆಲಸ ಮುಗಿಸಿ ಹೊರಡುವ ತನಕ ಕೈಕಟ್ಟಿ ಕಾಯುತ್ತಿತ್ತು.

ಮೆಲ್ಲಗಪ್ಪ ಮೊಬೈಲನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಪೆಟ್ಟಿಗೆಯ ಹಿಂದೆ ಹೋದ. ಅಲ್ಲಿನ ಕೆಂಪು ಸ್ವಿಚ್ಚನ್ನು ಯಾರೂ ತಪ್ಪಿಯೂ ಮುಟ್ಟದಿರಲೆಂದು ಅವನೇ ಟೇಪು ಸುತ್ತಿದ್ದ. ಹೆದರಿಕೆ ಹೆಚ್ಚಾದಾಗಲೆಲ್ಲ ಇನ್ನೊಂದು ಸುತ್ತು. ನಾಲ್ಕು ವರ್ಷದ ಹೆದರಿಕೆ ಅಲ್ಲಿ ಕುಂಬಳಕಾಯಿಯಷ್ಟು ದಪ್ಪವಾಗಿತ್ತು. ಉಗುರಿನಿಂದ ಕೆರೆದ, ಕೀಲಿಯಿಂದ ಬಗೆದ, ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದ. ಮುಂಗಡೆಯ ಹಲ್ಲೊಂದು ಅಲ್ಲಾಡಿತು. ಕೆಂಪು ಕಂಡಿತು. ಕಣ್ಣು ಮುಚ್ಚಿಕೊಂಡು ಒತ್ತಿದ.

ಗುಂಯ್ ಎನ್ನುವುದು ನಿಂತಿತು.

ಆ ಕೋಣೆಯಲ್ಲಿ ಮೌನ ಹೇಗಿರುತ್ತದೆ ಎಂದು ನಾಲ್ಕು ವರ್ಷದಿಂದ ಅವನಿಗೆ ಗೊತ್ತಿರಲಿಲ್ಲ. ಬಕೆಟ್ಟಿಗೆ ಒಂದು ಹನಿ ಬಿದ್ದದ್ದು ಬಾವಿಗೆ ಕಲ್ಲು ಬಿದ್ದ ಹಾಗೆ ಕೇಳಿಸಿತು. ಕೈಬಿಟ್ಟ ಮೊಬೈಲಿನಿಂದ ಹೆಂಡತಿ, "ರೀ? ಇದೀರಾ ರೀ?" ಎನ್ನುತ್ತಿದ್ದಳು. ಆಮೇಲೆ ಮೇಜಿನ ಮೇಲಿನ ಫೋನು ಬಡಿದುಕೊಳ್ಳಲು ಶುರುಮಾಡಿತು. ಅವನು ಅದನ್ನು ಎತ್ತದೆ ಮೆಟ್ಟಿಲ ಕಡೆ ಓಡಿದ. ಒಂದೊಂದು ಮಹಡಿಯಲ್ಲೂ ಜನ ಬಾಗಿಲಿಗೆ ಬಂದು ಅವನ ಹೆಸರು ಕೂಗುತ್ತಿದ್ದರು. ಎರಡು ನಿಮಿಷ ಮುಗಿದಿತ್ತೋ ಇಲ್ಲವೋ, ಅದೊಂದೇ ತಲೆಯಲ್ಲಿ. ಸಿರಿಂಜು ಖಾಲಿಯಾದ ಮೇಲೆ ಸ್ಕ್ರೀನು ಆರಿದ್ದರೆ ಏನು ಬಂತು?

ನಾಲ್ಕನೆಯ ಮಹಡಿಯ ಬಾಗಿಲಲ್ಲಿ ದೊಡ್ಡ ಸಿಸ್ಟರ್ ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದರು.

"ನಿಮಗೇ ಮಾಡ್ತಿದ್ದೆ ಕಣ್ರೀ! ಯಾರ್ರೀ ಅದನ್ನ ನಿಲ್ಲಿಸಿದ್ದು? ಐದು ಗಂಟೆ ಡೋಸ್ ಹೊತ್ತಲ್ಲಿ..."

"ಗಾಡಿ," ಎಂದ ಅವನು. "ಗಾಡಿ ಎಲ್ಲಿ? ಕಿರಗುಟ್ಟೋ ಗಾಡಿ?"

"ಯಾವ ಗಾಡಿ? ನಮ್ಮಲ್ಲಿ ಎರಡೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮುಖದ ಬಣ್ಣ ಇಳಿಯಿತು. "ಹಿಂದಿನ ಕೋಣೆ. ಬದಲಿ ಸಿಸ್ಟರ್ ಒಬ್ಬಳು ಬಂದಿದಾಳೆ. ಹಿಂದಿನ ಬಾಗಿಲಿಂದ ಏನೋ ತಂದ್ಲು."

ಇಬ್ಬರೂ ಒಟ್ಟಿಗೇ ನುಗ್ಗಿದರು. ಆ ಬಾಗಿಲಲ್ಲಿ ದೊಡ್ಡ ಸಿಸ್ಟರ್ ಜೊತೆ ಇನ್ನೊಬ್ಬರು ಹಿಡಿಸಿದ್ದು ಅದೇ ಮೊದಲು.

ಸಣ್ಣ ಕೋಣೆ. ಒಂದೇ ಗಾಜಿನ ತೊಟ್ಟಿಲು. ಅದರೊಳಗೆ ಅಂಗೈಯಗಲದ ಎದೆಯ ಒಂದು ಹೆಣ್ಣುಕೂಸು, ಕಾಲಿಗೆ ಒಂದು ತಂತಿ. ಪಕ್ಕದಲ್ಲಿ ಮೂವತ್ತೊಂದನೆಯ ನಂಬರಿನ ಗಾಡಿ, ಕಪ್ಪು ಸ್ಕ್ರೀನು. ಬದಲಿ ಸಿಸ್ಟರ್ ಕೈಯಲ್ಲಿ ಸಿರಿಂಜು.

"ಕೊಟ್ಟಾಯ್ತಾ?" ಎಂದರು ದೊಡ್ಡ ಸಿಸ್ಟರ್. ಅವರ ಧ್ವನಿ ಪಿಸುಮಾತಾಗಿದ್ದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ ಸಿಸ್ಟರ್. ಎಳೆದಿಟ್ಟುಕೊಂಡೆ. ಕೊಡೋ ಮುಂಚೆ ಸ್ಕ್ರೀನ್ ನೋಡಿ ಎರಡನೇ ಸಲ ಜೋರಾಗಿ ಓದಬೇಕು ಅಂತ ನೀವೇ ಹೇಳಿದ್ರಲ್ಲ? ಓದೋಕೆ ತಿರುಗಿದೆ, ಸ್ಕ್ರೀನೇ ಇಲ್ಲ. ಅದಕ್ಕೇ ನಿಂತುಕೊಂಡಿದೀನಿ." ಅವಳು ಇಬ್ಬರ ಮುಖವನ್ನೂ ನೋಡಿದಳು. "ಯಾಕೆ? ಏನಾಯ್ತು?"

ಸಿರಿಂಜಿನಲ್ಲಿ ಗೆರೆಯ ತನಕ ಒಂದು ಎಂ.ಎಲ್. ಇತ್ತು. ದೊಡ್ಡ ಸಿಸ್ಟರ್ ಅದನ್ನು ಅವಳ ಬೆರಳುಗಳಿಂದ ಬಿಡಿಸಿ ತೆಗೆದು, ಕಸದ ಡಬ್ಬಿಗೆ ಹಾಕದೆ ತಟ್ಟೆಯಲ್ಲಿ ಬೇರೆಯಾಗಿ ಇಟ್ಟರು. ಮೆಲ್ಲಗಪ್ಪ ಗೋಡೆ ಹಿಡಿದುಕೊಂಡ.

"ಕೂರೋಕೆ ಹೊತ್ತಿಲ್ಲ," ಎಂದರು ಅವರು. "ಈ ಮಗುಗೆ ಮದ್ದು ಕೊಡದೇನೂ ಇರೋ ಹಾಗಿಲ್ಲ. ಕಾಗದ ತಗೊಳ್ಳಿ. ಲೆಕ್ಕ ನಿಮ್ಮ ತಲೇಲಿದೆ, ಬರೀರಿ."

ಬರೆದ. ಎರಡು ಕಿಲೋ. ಕಿಲೋಗೆ ಒಂದು ಮಿಲಿಗ್ರಾಮ್. ಹೊಸ ಬಾಟಲಿಯ ಒಂದು ಎಂ.ಎಲ್.ನಲ್ಲಿ ಹತ್ತು. ದೊಡ್ಡ ಸಿಸ್ಟರ್ ಬೇರೆ ಕಾಗದದಲ್ಲಿ ತಾವೇ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬದಲಿ ಸಿಸ್ಟರ್ ಹೊಸ ಸಿರಿಂಜು ತುಂಬಿ ಬೆಳಕಿಗೆ ಹಿಡಿದಳು.

"ಪಾಯಿಂಟ್ ಎರಡು," ಎಂದರು ದೊಡ್ಡ ಸಿಸ್ಟರ್. "ಈಗ ನೀವು ಓದಿ. ಜೋರಾಗಿ."

"ನಾನಾ? ನಾನು ನರ್ಸ್ ಅಲ್ಲ ಸಿಸ್ಟರ್."

"ಇಷ್ಟು ದಿನ ಯಾರು ಓದ್ತಿದ್ದದ್ದು ಇಲ್ಲಿ? ಸ್ಕ್ರೀನಲ್ಲಿ ಬರ್ತಿದ್ದ ಅಂಕಿ ಯಾರದು? ಓದಿ."

ಮೆಲ್ಲಗಪ್ಪ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಅಂಕಿಯ ಕೆಳಗೆ ಬೆರಳಿಟ್ಟುಕೊಂಡು, ಮನಸ್ಸಿನಲ್ಲೇ ಎರಡು ಸಲ ಓದಿ, ಮೂರನೆಯ ಸಲಕ್ಕೆ ಜೋರಾಗಿ ಹೇಳಿದ.

"ಪಾಯಿಂಟ್ ಎರಡು."

ಮದ್ದು ಒಳಗೆ ಹೋಯಿತು. ಕೆಳಗಿನ ಮಹಡಿಗಳಿಂದ ಫೋನುಗಳ ಸದ್ದು, ಕೂಗು, ಓಡಾಟ ಏರಿ ಬರುತ್ತಿತ್ತು. ಮೆಲ್ಲಗಪ್ಪ ಗಾಜಿಗೆ ಮುಖ ಹತ್ತಿರ ತಂದು, ಕೂಸಿನ ತಲೆಯ ಬಳಿ ಮಿನುಗುತ್ತಿದ್ದ ಬಡಿತದ ಅಂಕಿಯನ್ನೇ ನೋಡುತ್ತಾ ನಿಂತ. ನೂರಾ ನಲವತ್ತೊಂದು. ನೂರಾ ಮೂವತ್ತೊಂಬತ್ತು. ನೂರಾ ಮೂವತ್ತೆಂಟಕ್ಕೆ ಇಳಿದಾಗ ಅವನು ತಿರುಗಿ ದೊಡ್ಡ ಸಿಸ್ಟರ್ ಮುಖ ನೋಡಿದ.

"ಅದು ಸರಿಯಾಗೇ ಇದೆ," ಎಂದರು ದೊಡ್ಡ ಸಿಸ್ಟರ್. "ಕೆಳಗೆ ಹೋಗಿ ನಿಮ್ಮ ಸರ್ವರ್ ಎಬ್ಬಿಸಿ. ಹದಿನಾರು ವಾರ್ಡು ನಿಮ್ಮನ್ನ ಹುಡುಕ್ತಿದೆ. ನೀವು ಯಾಕೆ ನಿಲ್ಲಿಸಿದ್ರಿ ಅಂತ ಆ ಸಿರಿಂಜು ತೋರಿಸಿ ದೊಡ್ಡ ಡಾಕ್ಟರಿಗೆ ನಾನೇ ಹೇಳ್ತೀನಿ."

"ಎರಡು ನಿಮಿಷ, ಸಿಸ್ಟರ್. ಬಡಿತ ನೋಡ್ತೀನಿ."

ಎರಡು ನಿಮಿಷ ಮುಗಿಯಿತು. ಅವನು ಇನ್ನೂ ಎರಡು ಕೇಳಿದ. ದೊಡ್ಡ ಸಿಸ್ಟರ್ ಅವನನ್ನು ಒಮ್ಮೆ, ಅಂಕಿಯನ್ನು ಒಮ್ಮೆ ನೋಡಿ, ಕಾಲಿನಿಂದ ಒಂದು ಸ್ಟೂಲನ್ನು ಅವನ ಕಡೆಗೆ ತಳ್ಳಿದರು. ಆಮೇಲೆ ಪೆನ್ನೂ ಕಾಗದವೂ ಹಿಡಿದು, ಗುಣಾಕಾರ ಹೇಳಿಕೊಡಲು ತಾವೇ ಕೆಳಗಿನ ವಾರ್ಡುಗಳಿಗೆ ಇಳಿದು ಹೋದರು.